ಅಕ್ಕ ಕೂತ ಸೀಟು

ನಮ್ಮ ಸೊರಡಿಯಲ್ಲಿ ಆ ಗಾಡಿಗೆ ‘ಕುಂತ ಎಮ್ಮಿ’ ಅಂತ ಹೆಸರಿಟ್ಟಿದ್ದರು. ಕಪ್ಪು ಬಣ್ಣ, ನಡುಮನೆಯಷ್ಟು ಅಗಲ, ಒಳಗೆ ತೊಗಲಿನ ಸೀಟು. ಹೊರದೇಶದ ಕಂಪನಿಯದು, ಅದರ ಹೆಸರು ನಮ್ಮ ನಾಲಿಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ, ಬಿಡಿ. ಸ್ಪ್ರಿಂಗಿನ ಬದಲಿಗೆ ಅದರ ನಾಲ್ಕೂ ಮೂಲೆಯಲ್ಲಿ ರಬ್ಬರಿನ ಗಾಳಿಚೀಲಗಳಿರುತ್ತವೆ. ಆ ಚೀಲಗಳು ಸೋರಿ, ಗಾಡಿ ಹೊಟ್ಟೆ ನೆಲಕ್ಕೆ ಹತ್ತುವ ಹಾಗೆ ಕೂತುಬಿಟ್ಟಿತ್ತು. ಬೇರೆ ರಾಜ್ಯದಲ್ಲಿ ಬಂಗಾರ ಕರಗಿಸುವ ಧಂದೆ ಮಾಡುವ ನಮ್ಮ ಕಡೆಯವರೊಬ್ಬರು ಅದನ್ನು ಅಲ್ಲೆಲ್ಲೋ ಮನಸಾರೆ ಓಡಿಸಿ, ಹಳೆಯದಾದ ಮೇಲೆ ಊರಿಗೆ ತಂದು ತಮ್ಮ ಹೊಲದ ಬೇವಿನ ಗಿಡದ ಕೆಳಗೆ ಬಿಟ್ಟು ಹೋಗಿದ್ದರು. ಕೋಳಿಗಳು ಅದರ ತಲೆಯ ಮೇಲೆ ಮಲಗುತ್ತಿದ್ದವು.

ನನ್ನ ಜೀಪು ಕೊಟ್ಟು ನಾನು ಆ ಗಾಡಿ ತೆಗೆದುಕೊಂಡೆ. ಜತ್ತದಿಂದ ಸಂಖದ ಕಡೆಗೆ ವಡಾಪ್, ಅಂದರೆ ತಲೆಗಿಷ್ಟು ಅಂತ ಬಾಡಿಗೆ, ಹೊಡೆಯುತ್ತಿದ್ದ ಜೀಪು ಅದು. ಎಸ್‌ಟಿ ಬಸ್ಸು ತಪ್ಪಿದವರು, ಬಸ್ಸಿಗೆ ಕಾಯುವ ತಾಳ್ಮೆ ಇಲ್ಲದವರು, ಕುರಿಮರಿ ಬಗಲಲ್ಲಿ ಹಿಡಿದವರು, ಎಲ್ಲರನ್ನೂ ತುಂಬಿಕೊಂಡು ಅರ್ಧ ಆಯುಷ್ಯ ಅದರಲ್ಲೇ ಕಳೆದಿದ್ದೆ. ಹೊಟ್ಟೆಗೆ ಹೊಲ ಇತ್ತು, ಮೊಣಕಾಲಿಗೆ ಜೀಪು ಸಾಕುಸಾಕಾಗಿ ಹೋಗಿತ್ತು. ಆದರೂ ಊರವರು ನನಗೆ ತಲೆ ಕೆಟ್ಟಿದೆ ಅಂತಲೇ ತೀರ್ಮಾನಿಸಿದರು. “ಓಡೂ ಕುದರಿ ಕೊಟ್ಟು ಕುಂತ ಎಮ್ಮಿ ತಗೊಂಡಾನ” ಅಂತ ಕಟ್ಟೆಯ ಮೇಲೆ ನಕ್ಕರು. ನಗಲಿ ಅಂದುಕೊಂಡೆ. ನನಗೆ ಬೇಕಾಗಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಕುಲುಕದ ಗಾಡಿ ಬೇಕಾಗಿತ್ತು ನನಗೆ, ಅಷ್ಟೇ.

ನನ್ನ ಅಕ್ಕನನ್ನು ಉಟಗಿಗೆ ಕೊಟ್ಟಿತ್ತು. ಅಕ್ಕ ಅಂತ ಬಾಯಿಂದ ಕರೆದರೂ ನನ್ನ ಪಾಲಿಗೆ ಅವಳೇ ಅವ್ವ. ನನಗೆ ನೆನಪು ಮೂಡುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅಕ್ಕನ ಸೊಂಟದ ಮೇಲೆ ಕೂತೇ ನಾನು ಊರು ನೋಡಿದ್ದು, ಸಾಲಿಗೆ ಹೋಗಲ್ಲ ಅಂದಾಗ ಅವಳ ಕೈಯಲ್ಲೇ ಹೊಡೆತ ತಿಂದದ್ದು. ವಯಸ್ಸಾದ ಮೇಲೆ ಆಕೆಯ ಬೆನ್ನಿನ ಎಲುಬಿಗೆ ರೋಗ ಹತ್ತಿತು. ಎಲುಬು ಹಪ್ಪಳದಂತೆ ಆಗಿದೆ, ಜೋಪಾನ ಅಂದರು ಮಿರಜಿನ ಡಾಕ್ಟರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಉಟಗಿಗೆ ಕರೆದುಕೊಂಡು ಬರುವಾಗ ನಾನು ಅವಳ ಪಕ್ಕದಲ್ಲಿ ಕೂತಿದ್ದೆ. ಒಂದೊಂದು ಗುಂಡಿಗೂ ಅಕ್ಕ ನನ್ನ ಕೈ ಹಿಂಡಿದಳು. ಆ ರಸ್ತೆಯಲ್ಲಿ ಎಲ್ಲಿ ಎಷ್ಟು ಆಳದ ಗುಂಡಿ ಇದೆ ಅಂತ ಡ್ರೈವರನಾಗಿ ನನಗೆ ಬಾಯಿಪಾಠವಿತ್ತು. ಅವತ್ತು ಆ ಗುಂಡಿಗಳು ನನ್ನ ಎದೆಯಲ್ಲೇ ಬಿದ್ದವು. ಮನೆ ಮುಟ್ಟಿದ ಮೇಲೆ ಆಕೆ ಹೇಳಿದ್ದು ಒಂದೇ ಮಾತು: “ತಮ್ಮಾ, ಇನ್ನ ನನ್ನ ಯಾವ ಗಾಡ್ಯಾಗೂ ಹತ್ತಸಬ್ಯಾಡೋ.”

ಅಲ್ಲಿಂದ ಆಚೆಗೆ ಆಕೆ ಎದ್ದು ಕೂರಲಿಲ್ಲ. ಕೂರಿಸಲು ಹೋದರೆ ಚೀರುತ್ತಿದ್ದಳು. ಎರಡು ಪಂಚಮಿ ಹಾಗೇ ಹೋದವು.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಖಣ, ಬಳೆ ಹಿಡಿದುಕೊಂಡು ಕರೆಯಲು ಹೋಗಲೇಬೇಕು. ಕರೆಯದೆ ಬಂದರೆ ಅದು ತವರಿಗೆ ಬಂದ ಹಾಗಲ್ಲ. ಮದುವೆಯಾದಾಗಿನಿಂದ ಅಕ್ಕ ಒಂದು ಪಂಚಮಿಯೂ ತಪ್ಪಿಸಿದವಳಲ್ಲ. ಮೊಮ್ಮಕ್ಕಳಾದ ಮೇಲೂ ನಮ್ಮ ಮನೆಯ ಮುಂದಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಏರಿ, ಸೆರಗು ಸಿಗಿಸಿಕೊಂಡು, ಹುಡುಗಿಯರಿಗಿಂತ ಎತ್ತರಕ್ಕೆ ಜೀಕುತ್ತಿದ್ದಳು. ಶೇಂಗಾ ಉಂಡಿ ಕಟ್ಟುವಾಗ ನನ್ನ ಹೆಂಡತಿಯ ಕೈಗೆ ಒಂದು ಏಟು ಹಾಕಿ “ಇಷ್ಟ ಸಣ್ಣದೇನ, ಗೋಲಿ ಆಡಾಕೇನ?” ಅನ್ನುತ್ತಿದ್ದಳು. ಆಕೆ ಬರದ ಎರಡು ಪಂಚಮಿಗೂ ನಾವು ಜೋಕಾಲಿ ಕಟ್ಟಿದೆವು. ಯಾರೂ ಸರಿಯಾಗಿ ಆಡಲಿಲ್ಲ.

ಹೀಗಿರುವಾಗ ಮಗನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಇಂಥದ್ದೇ ಒಂದು ಗಾಡಿ ಕಲ್ಲಿನ ದಾರಿಯಲ್ಲಿ ಹೋಗುತ್ತಿದೆ. ಒಳಗೆ ಚಹಾದ ಕಪ್ಪು ಅಲುಗುತ್ತಿಲ್ಲ. ಗಾಳಿಯ ಮೇಲೆ ಕೂತು ಹೋಗುತ್ತದಂತೆ ಅದು. ಮಾರನೇ ದಿನವೇ ಹೋಗಿ ಆ ಹೊಲದ ಬೇವಿನ ಗಿಡದ ಕೆಳಗಿನ ಎಮ್ಮೆಯ ಬೆನ್ನು ಸವರಿ ಬಂದೆ.

ಟ್ರ್ಯಾಕ್ಟರಿನಿಂದ ಎಳೆಸಿ ಮನೆಯ ಮುಂದೆ ತಂದು ಹಾಕಿಕೊಂಡ ಮೇಲೆ ಗೊತ್ತಾಯಿತು, ಹೊರಗಿನಿಂದ ಕಂಡದ್ದು ರೋಗದ ಕಾಲು ಭಾಗ ಮಾತ್ರ ಅಂತ. ಜೋಳದ ಕಣಜದ ಇಲಿಗಳೆಲ್ಲ ಅದರ ಹೊಟ್ಟೆಯಲ್ಲಿ ಸಂಸಾರ ಹೂಡಿದ್ದವು. ವೈರು ಕಡಿದಿದ್ದವು, ಗಾಳಿಯ ನಳಿಕೆ ಕಡಿದಿದ್ದವು. ಸೋರುವ ಚೀಲಗಳಿಗೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಸುಟ್ಟು ಹೋಗಿತ್ತು. ಬಂದ ಮೇಸ್ತ್ರಿಗಳೆಲ್ಲ ಬಗ್ಗಿ ನೋಡಿ, ಎದ್ದು, ಕೈ ಒರೆಸಿಕೊಂಡು ಒಂದೇ ಔಷಧ ಹೇಳಿದರು: “ಚೀಲಾ ಕಿತ್ತ ಒಗೀರಿ, ಜೀಪಿನ ಪಾಟಾ ಹಾಕ್ರಿ. ಮುಂದಿನ ಜನ್ಮಕ್ಕೂ ಬಗ್ಗಂಗಿಲ್ಲ.” ಪಾಟಾ ಅಂದರೆ ಜೀಪಿಗೆ ಹಾಕುವ ಉಕ್ಕಿನ ಪಟ್ಟಿಯ ಸ್ಪ್ರಿಂಗು. ನಮ್ಮ ಕಡೆಯವರಿಗೆ ಗಾಡಿ ಎಂದರೆ ಗಟ್ಟಿ ಇರಬೇಕು, ಹತ್ತು ಚೀಲ ಹೇರಿದರೂ ಮಿಸುಕಬಾರದು. ನಾನೂ ಅದೇ ಮಾತು ಎಷ್ಟು ಜನಕ್ಕೆ ಹೇಳಿದ್ದೆನೋ. ಈಗ ಯಾರಾದರೂ ಪಾಟಾ ಅಂದರೆ ಸಿಟ್ಟು ನೆತ್ತಿಗೇರುತ್ತಿತ್ತು. ಗಟ್ಟಿ ಗಾಡಿಯೇ ಸಾಕಾಗಿದ್ದರೆ ನನ್ನ ಜೀಪೇ ಇತ್ತಲ್ಲ?

ಕೊನೆಗೆ ಯಾರನ್ನೂ ಕರೆಯುವುದು ಬಿಟ್ಟೆ. ಗಾಡಿ ಎತ್ತಿ, ಕೆಳಗೆ ಕಟ್ಟಿಗೆಯ ದಿಮ್ಮಿ ಕೊಟ್ಟು ನಾನೇ ಮಲಗಿಕೊಂಡು ಕೆಲಸಕ್ಕಿಳಿದೆ. ಪುಣೆಯ ಹಳೆ ಸಾಮಾನಿನ ಪೇಟೆಗೆ ಹೋಗಿ ಚೀಲ ಹುಡುಕಿದೆ, ಕಂಪ್ರೆಸರ್ ಹುಡುಕಿದೆ. ಹಿಂದಿ ವಿಡಿಯೋ ಅರ್ಥವಾಗುತ್ತಿತ್ತು. ಇಂಗ್ಲಿಷಿನದಾದರೆ ದನಿ ಮುಚ್ಚಿ ಕೈ ಮಾತ್ರ ನೋಡುತ್ತಿದ್ದೆ. ಜೋಡಿಸಿದ ನಳಿಕೆಗೆ ಪಂಕ್ಚರ್ ಅಂಗಡಿಯವರ ಹಾಗೆ ಸಾಬೂನಿನ ನೀರು ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ಅಂತ ಕಾಯುವುದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ. ಸಂಜೆ ಎದ್ದು ನಿಂತ ಗಾಡಿ ಬೆಳಿಗ್ಗೆ ನೋಡಿದರೆ ಒಂದು ಮಗ್ಗುಲಿಗೆ ವಾಲಿಕೊಂಡು ಕೂತಿರುತ್ತಿತ್ತು. ಹೆಂಡತಿ ಅಂಗಳಕ್ಕೆ ನೀರು ಹೊಡೆಯುತ್ತ, “ಏನ್ರಿ, ನಿಮ್ಮ ಎಮ್ಮಿ ಮತ್ತ ಕುಂತದ ನೋಡ್ರಿ” ಅನ್ನುತ್ತಿದ್ದಳು. ಬೆಳಿಗ್ಗೆ ಬೆಳಿಗ್ಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಫೋನಿನಲ್ಲಿ ಅಕ್ಕನಿಗೆ ದಿನವೂ ವರದಿ ಒಪ್ಪಿಸಬೇಕಾಗುತ್ತಿತ್ತು. ಮಲಗಿದಲ್ಲೇ ಮಲಗಿದವಳಿಗೆ ಅದೇ ಒಂದು ಕಾಲಕ್ಷೇಪ.

“ಎದ್ದಿತೇನೋ?”

“ಎದ್ದಿತ್ತು. ಮತ್ತ ಕುಂತು.”

“ಜೋಡಿ ಚಲೋ ಆತು ಬಿಡ. ನಿನ್ನ ಗಾಡಿ ಕುಂತ್ರ ಏಳಂಗಿಲ್ಲ, ನಾ ಮಲಗಿದ್ರ ಕುಂದ್ರಂಗಿಲ್ಲ” ಅಂದು ನಕ್ಕಳು. ನಕ್ಕರೂ ಬೆನ್ನು ನೋಯುತ್ತಿತ್ತೇನೋ, ನಗೆ ಅರ್ಧಕ್ಕೇ ನಿಂತಿತು. ನಾನು ನಗುತ್ತಲೇ ಫೋನು ಇಟ್ಟು ಗೋಡೆಯ ಕಡೆ ಮುಖ ಮಾಡಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಗಾಡಿ ಎದ್ದು ನಿಂತಿತು, ನಿಂತೇ ಉಳಿಯಿತು. ಹೆಂಡತಿಯನ್ನು ಹಿಂದೆ ಕೂರಿಸಿ, ಕೈಗೆ ತುಂಬಿದ ತಂಬಿಗೆ ಕೊಟ್ಟು ಸಂಖದ ದಾರಿ ಹಿಡಿದೆ. ಮೊದಲ ದಿನ ಅವಳ ಸೀರೆ ಒದ್ದೆಯಾಯಿತು. ಚೀಲದ ಗಾಳಿ ಹೆಚ್ಚುಕಡಿಮೆ ಮಾಡಿ ಮತ್ತೆ ಹೋದೆವು, ಮತ್ತೆ ಒದ್ದೆಯಾಯಿತು. “ನನ್ನ ತವರಿಗೆ ಹೋಗಬೇಕಾದ್ರ ಒಮ್ಮೆರೆ ಹಿಂಗ ತಂಬಿಗಿ ಇಟ್ಟು ನೋಡೀರೇನು?” ಅಂತ ಗೊಣಗಿದಳು. ಆದರೂ ಕರೆದಾಗಲೆಲ್ಲ ತಂಬಿಗೆ ತುಂಬಿಕೊಂಡು ಬರುತ್ತಿದ್ದಳು. ಒಂದು ದಿನ ಹೋಗಿ ಬಂದು ಇಳಿದವಳು ತಂಬಿಗೆ ನನ್ನ ಮುಂದೆ ಹಿಡಿದಳು. ನೀರು ಕಂಠದವರೆಗೆ ಹಾಗೇ ಇತ್ತು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು ಆ ನೀರನ್ನೇ ಕುಡಿದೆವು.

ಹಿಂದಿನ ಸೀಟು ಕಿತ್ತು ಗಾದಿ ಹಾಸುತ್ತೇನೆ, ಮಲಗಿಸಿಕೊಂಡು ಬರುತ್ತೇನೆ ಅಂತ ಫೋನಿನಲ್ಲಿ ಹೇಳಿದೆ. ಅಕ್ಕ ಕೆರಳಿದಳು.

“ಮಲಗಿಸಿ ಒಯ್ಯಾಕ ನಾ ಏನ್ ಜ್ವಾಳದ ಚೀಲೇನೋ? ತವರಿಗೆ ನಾ ಕುಂತ ಬರ್ತೀನಿ. ಕಿಡಕ್ಯಾಗ ಹೊಲಾ ನೋಡ್ಕೋತ ಬರ್ತೀನಿ. ಇಲ್ಲಂದ್ರ ಬರೂದ ಇಲ್ಲ.”

“ಕುಂದ್ರಾಕ ಎಲ್ಲಿ ಬರ್ತದ ಅಕ್ಕಾ ನಿನಗ?”

“ನಿನ್ನ ಗಾಡಿ ಎಬ್ಬಸೀದ್ಯಲ್ಲೋ. ನನ್ನೂ ಕುಂದ್ರಸು.”

ಇದು ನಮ್ಮ ಮನೆತನದ ಹಟ. ಅವಳಿಗೆ ಹೇಳಿ ಪ್ರಯೋಜನವಿಲ್ಲ ಅಂತ ನನಗೆ ಸಣ್ಣಂದಿನಿಂದ ಗೊತ್ತು. ಗಾದಿಯ ವಿಚಾರ ಬಿಟ್ಟೆ. ಡ್ರೈವರನ ಪಕ್ಕದ ಸೀಟಿನ ಮೇಲೆ ಕಣ್ಣು ಹಾಕಿದೆ.

ಆ ಸೀಟು ಕರೆಂಟಿನ ಮೇಲೆ ನಡೆಯುವಂಥದು. ಗುಂಡಿ ಒತ್ತಿದರೆ ಮುಂದೆ ಹಿಂದೆ ಹೋಗುತ್ತದೆ, ಬೆನ್ನು ಏಳುತ್ತದೆ, ಇಳಿಯುತ್ತದೆ, ಸೊಂಟದ ಹತ್ತಿರ ಉಬ್ಬುತ್ತದೆ, ತೊಡೆಯ ಕೆಳಗೆ ಏರುತ್ತದೆ. ಇನ್ನೂ ಒಂದು ಗಮ್ಮತ್ತಿತ್ತು. ಬಾಗಿಲಿಗೆ ಒಂದು, ಎರಡು, ಮೂರು ಅಂತ ಗುಂಡಿಗಳು. ನಮಗೆ ಹಿತವಾದ ಹಾಗೆ ಸೀಟು ಇಟ್ಟುಕೊಂಡು ಒಂದರಲ್ಲಿ ಉಳಿಸಿದರೆ, ಆಮೇಲೆ ಯಾವಾಗ ಆ ಗುಂಡಿ ಒತ್ತಿದರೂ ಸೀಟು ತಾನೇ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಇಲಿಗಳ ದಯೆಯಿಂದ ಇದೆಲ್ಲ ಬಂದ್ ಆಗಿತ್ತು. ಸೀಟು ಬಿಚ್ಚಿ ಅಂಗಳದಲ್ಲಿಟ್ಟು, ಹಳೆಯ ಬ್ಯಾಟರಿ ಜೋಡಿಸಿ, ಒಂದೊಂದೇ ವೈರು ಬೆಸೆದೆ. ಹಲ್ಲು ಮುರಿದ ಗಿಯರು ಬದಲಿಸಿದೆ. ಊರ ಹಿರಿಯರು ಹಜಾಮರ ಕುರ್ಚಿ ಬಂದಂತೆ ಸಾಲಾಗಿ ಬಂದು ಕೂತು, ಹಿಂದೆ ವಾಲಿ, “ಆಹಾ, ಮಹಾರಾಜ್ರು!” ಅಂತ ತಮ್ಮನ್ನೇ ಹೊಗಳಿಕೊಂಡು ಹೋದರು. ಸೀಟು ಒಂದು ಸಲವೂ ಜರ್ಕು ಹೊಡೆಯದೆ ಏಳುವವರೆಗೆ ನಾನು ಬಿಡಲಿಲ್ಲ.

ಕಾರಹುಣ್ಣಿಮೆ ಕಳೆದು ಬಿತ್ತನೆ ನಡೆದಾಗ, ಒಮ್ಮೆ ಕೂರಿಸಿ ನೋಡೋಣ ಅಂತ ಗಾಡಿ ತೆಗೆದುಕೊಂಡು ಉಟಗಿಗೆ ಹೋದೆ. ಮಾವ, ಅಂದರೆ ಅಕ್ಕನ ಗಂಡ, ಗಾಡಿಯ ಸುತ್ತ ಎರಡು ಸುತ್ತು ಹಾಕಿ ಬಾಗಿಲು ತೆಗೆದು ಹಿಡಿದರು. ಸೀಟನ್ನು ಪೂರಾ ಮಲಗಿಸಿ, ಹಾಸಿಗೆಯ ಸಮೇತ ಅಕ್ಕನನ್ನು ಎತ್ತಿ ತಂದು ಅದರ ಮೇಲೆ ಇಟ್ಟೆವು. ಎಷ್ಟು ಹಗುರಾಗಿದ್ದಳೆಂದರೆ ಎತ್ತಿದ ನಮಗೇ ಸಂಕಟವಾಯಿತು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಸೀಟು ಎಳ್ಳಷ್ಟು ಎಳ್ಳಷ್ಟೇ ಏಳತೊಡಗಿತು. ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಕೈ ಎತ್ತಿದಳು, ನಿಲ್ಲಿಸಿದೆ. ಉಸಿರು ತೆಗೆದುಕೊಂಡಳು. ಸೊಂಟದ ಉಬ್ಬು ಚೂರು ಕಡಿಮೆ ಮಾಡಿದೆ, ತೊಡೆಯ ಕಡೆ ಚೂರು ಏರಿಸಿದೆ. ಮತ್ತೆ ಎಳ್ಳಷ್ಟು.

“ಹಾಂ” ಅಂದಳು. “ಇಲ್ಲೇ. ಇಲ್ಲೇ ಇರ್ಲಿ. ಕುಂತೆ ನೋಡೋ ತಮ್ಮಾ!”

ಒಂದನೇ ಗುಂಡಿಯಲ್ಲಿ ಅದನ್ನು ಉಳಿಸಿದೆ. ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಕನ್ನಡಿ ಹಣಿಗೆ ತಂದು ಅವಳ ತೊಡೆಯ ಮೇಲಿಟ್ಟರು. ಯಾಕೆ ತಂದರೋ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಸೊರಡಿಯ ಕಡೆ ತಿರುಗುವ ದಾರಿಯವರೆಗೆ ಮೆಲ್ಲಗೆ ಹೋದೆವು. ಅಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಕುರಿಯ ಹಿಂಡು ಅಡ್ಡ ಬಂದರೆ ಲೆಕ್ಕ ಹಾಕಿದಳು, ಯಾರದೋ ಹೊಲದಲ್ಲಿ ಕೂರಿಗೆ ಓರೆ ನಡೆದಿದೆ ಅಂತ ಬೈದಳು. ಒಂದು ಗುಂಡಿ ದಾಟಿದ ಮೇಲೆ ನನ್ನ ಕಡೆ ತಿರುಗಿ, “ಇಲ್ಲೊಂದು ತೆಗ್ಗ ಇತ್ತಲ್ಲೋ?” ಅಂತ ಕೇಳಿದಳು. ನನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿದ್ದು ಆಗ.

ದಾರಿ ಕವಲೊಡೆಯುವಲ್ಲಿ ನಿಂತೆ. “ಬಂದದ್ದು ಬಂದೀವಿ ಅಕ್ಕಾ, ಹಂಗ ಮನಿಗೆ ಹೋಗಿಬಿಡೂಣು” ಅಂದೆ.

ಆಕೆ ನನ್ನ ಬರಿಗೈ ನೋಡಿದಳು.

“ನೀ ಗಾಡಿ ತೋರಸಾಕ ಬಂದೀದಿ, ಕರಿಯಾಕ ಬಂದಿಲ್ಲ. ಕೈಯಾಗ ಒಂದ ಖಣ ಸೈತ ಇಲ್ಲ. ಪಂಚಮಿಗೆ ಬಾ. ಎರಡು ವರ್ಷ ಹೋಗಿಲ್ಲ ನಾ, ಹೋದ್ರ ರೀತಿಲೆ ಹೋಗಾಕಿ.”

“ಇನ್ನ ಎಷ್ಟ ದೂರ ಐತಿ ಪಂಚಮಿ?”

“ದೂರೇನೈತೋ. ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಆತಲ್ಲ.”

ನಾನು ಎಷ್ಟೋ ಹೇಳಿದೆ. ನಿನ್ನ ರೀತಿ ರಿವಾಜು ಒಲಿಯಾಗ ಹಾಕು ಅಂದೆ. ಕೇಳಲಿಲ್ಲ. ಮುಖ ಕಿಟಕಿಯ ಕಡೆ ಮಾಡಿಕೊಂಡು ಕೂತುಬಿಟ್ಟಳು. ಗಾಡಿ ಹೊರಳಿಸಿ ಉಟಗಿಗೆ ವಾಪಸು ಬಂದೆ. ಇಳಿಸುವಾಗ, “ಸೀಟಿನ ಮ್ಯಾಲ ಮತ್ಯಾರನ್ನೂ ಕುಂದ್ರಸಬ್ಯಾಡ, ಕೆಡತದ” ಅಂದಳು. ಈ ಮಾತು ಬರೆಯುವಾಗಲೂ ನನಗೆ ಆಕೆಯ ಮೇಲೆ ಸಿಟ್ಟು ಬರುತ್ತದೆ. ಖಣದ ಬಟ್ಟೆ ದಾರಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು.

ಜತ್ತದ ಪೇಟೆಯಲ್ಲಿ ಇಳಕಲ್ ಸೀರೆ ಕೊಂಡು ತಂದೆವು, ಹಸಿರು ಬಣ್ಣದ್ದು. ಅದರ ಮೇಲೆ ಖಣ, ಬಳೆ. ಹೆಂಡತಿ ಶೇಂಗಾ ಹುರಿಯಲು ಆರಿಸಿಟ್ಟಳು. ಜೋಕಾಲಿಯ ಬದಲಿಗೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಅದರಲ್ಲೇ ಕೂರಿಸಿ ಉಂಡಿ ಕಟ್ಟಿಸೋಣ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಆಷಾಢ ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಮಾವನ ಫೋನು ಬಂತು. ಜ್ವರ ಬಂದಿತ್ತಂತೆ, ಹಿಂದಿನ ದಿನ ಮಾತಾಡಿದಳಂತೆ, ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು. “ನಿನ್ನ ಅಕ್ಕ ನಡದ್ಲಪಾ” ಅಂದರು ಮಾವ. ಮತ್ತೆ ಸ್ವಲ್ಪ ತಡೆದು, “ತವರಿನ ಸೀರಿ ತಗೊಂಡ ಬಾ” ಅಂದರು.

ಮುತ್ತೈದೆಯಾಗಿ ಹೋದವಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು, ಅದು ನಮ್ಮಲ್ಲಿ ಪದ್ಧತಿ. ಬೇರೆ ಸೀರೆ ಹುಡುಕುವ ಕೆಲಸವಿರಲಿಲ್ಲ. ಹೆಂಡತಿ ಟ್ರಂಕು ತೆಗೆದು ಪಂಚಮಿಯ ಸೀರೆ ಹೊರಗಿಟ್ಟಳು, ಮೇಲೆ ಖಣ ಇಟ್ಟಳು, ಬಳೆ ಇಟ್ಟಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಪಕ್ಕದ ಸೀಟು ಅಕ್ಕ ಬಿಟ್ಟುಹೋದ ಹಾಗೇ ಹಿಂದಕ್ಕೆ ವಾಲಿಕೊಂಡಿತ್ತು. ರಸ್ತೆಯ ಒಂದು ಗುಂಡಿಯನ್ನೂ ನಾನು ತಪ್ಪಿಸಲಿಲ್ಲ, ಗಾಡಿ ಒಂದು ಕಡೆಯೂ ಕುಲುಕಲಿಲ್ಲ. ಅದಕ್ಕೇ ಇನ್ನಷ್ಟು ಅಳು ಬಂತು.

ನಮ್ಮವರಲ್ಲಿ ಹೋದವರನ್ನು ಮಲಗಿಸಿ ಇಡುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತವರನ್ನು ಕೂತ ಹಾಗೇ ಮಣ್ಣಿಗೆ ಕೊಡುತ್ತಾರೆ. ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಅಪ್ಪನನ್ನು ನಾನೇ ಹಿಡಿದು ಕೂರಿಸಿದ್ದೇನೆ. ಆದರೆ ಅವತ್ತು ಆ ಮನೆಯ ಹೊಸ್ತಿಲು ದಾಟುವವರೆಗೂ ಅದು ನನ್ನ ತಲೆಗೆ ಬಂದಿರಲಿಲ್ಲ.

ಹೆಂಗಸರು ಸೀರೆ ಉಡಿಸಿ ಸರಿದರು. ನಾಲ್ಕು ಗಂಡಸರು ಬಂದು ಅಕ್ಕನ ಹೆಗಲಿಗೆ, ಸೊಂಟಕ್ಕೆ ಕೈ ಹಾಕಿದರು. “ನೆಟ್ಟಗ, ನೆಟ್ಟಗ ಕುಂದ್ರಸ್ರಿ” ಅಂದರು ಅಯ್ಯನವರು. ಕಾಲು ಮಡಚಿದರು, ಒಂದೇ ಹಿಡಿತಕ್ಕೆ ಬೆನ್ನು ಎತ್ತಿ ಗೋಡೆಗೆ ಹಚ್ಚಿದರು.

“ಸಾವಕಾಶ್ರೀ!” ಅಂತ ಚೀರಿದೆ ನಾನು. “ಬೆನ್ನ ನೋಯ್ತದ ಅಕೀದು!”

ಎಲ್ಲರ ಕೈ ನಿಂತವು. ಭಜನೆಯವರ ತಾಳವೂ ನಿಂತಿತು. ಅಕ್ಕ ನೆಟ್ಟಗೆ ಕೂತಿದ್ದಳು, ಜೋಕಾಲಿಯ ಮೇಲೆ ಕೂತಂತೆ ಬೆನ್ನು ಸೆಟೆಸಿಕೊಂಡು, ಹಸಿರು ಸೀರೆಯಲ್ಲಿ. ನೋವಿನ ಒಂದು ಗೆರೆಯೂ ಮುಖದಲ್ಲಿರಲಿಲ್ಲ. ನಾನು ಮೊಬೈಲು ಹಿಡಿದು, ಗಾಡಿಯ ಕೆಳಗೆ ಮಲಗಿ, ಎಳ್ಳಷ್ಟು ಎಳ್ಳಷ್ಟು ಏರಿಸಿ ಮಾಡಲಾಗದ್ದನ್ನು ನಾಲ್ಕು ಮಂದಿ ಒಂದು ಉಸಿರಿಗೆ ಮಾಡಿದ್ದರು. ಮಾವ ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಗಾಡಿಗೆ ಆನಿಸಿ ನಿಲ್ಲಿಸಿದರು.

ಪಂಚಮಿ ಬಂತು. ನಾವು ಹಬ್ಬ ಮಾಡಲಿಲ್ಲ. ಗಾಡಿಯ ಬ್ಯಾಟರಿ ಅಷ್ಟರಲ್ಲಿ ಕೈಕೊಟ್ಟಿತ್ತು. ಬದಲಿಸಲು ಅರ್ಧ ತಾಸು ಸಾಕು, ಆದರೆ ನಾನು ದಿನವೂ ಚಾರ್ಜಿಗೆ ಹಚ್ಚಿ ಕಾಲ ತಳ್ಳುತ್ತಿದ್ದೆ. ಬ್ಯಾಟರಿ ಬಿಚ್ಚಿದರೆ ಕೆಲವು ಗಾಡಿಗಳಲ್ಲಿ ಸೀಟು ತನ್ನ ಜಾಗ ಮರೆಯುತ್ತದೆ ಅಂತ ವಿಡಿಯೋದಲ್ಲಿ ಹೇಳಿದ್ದರು. ನನ್ನದು ಅಂಥದೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಪರೀಕ್ಷೆ ಮಾಡುವ ಧೈರ್ಯವೂ ಇರಲಿಲ್ಲ. ಹೆಂಡತಿಗೆ ಇದು ಗೊತ್ತಾಗಿ, “ಬ್ಯಾರೆ ಬ್ಯಾಟರಿ ಹಚ್ಚಿ ಹಿಡದು, ಕರೆಂಟ್ ಹೋಗದಂಗ ಬದಲಿಸಾಕ ಬರೂದಿಲ್ಲೇನ್ರಿ?” ಅಂದಳು. ಬರುತ್ತಿತ್ತು. ಪಂಚಮಿಯ ದಿನ ಮಧ್ಯಾಹ್ನ, ಹಿಂದೆ ಸೀಟು ಸರಿ ಮಾಡುವಾಗ ಹಚ್ಚಿದ್ದ ಆ ಹಳೆಯ ಬ್ಯಾಟರಿಯ ತಂತಿಗಳನ್ನು ಅವಳು ಗಾಡಿಯ ವೈರಿಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ನಾನು ಸತ್ತದ್ದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಆಮೇಲೆ ಸೀಟನ್ನು ನೆಟ್ಟಗೆ ಮಾಡಿ, ಒಂದನೇ ಗುಂಡಿ ಒತ್ತಿದೆ.

ಸೀಟು ಮೆಲ್ಲಗೆ ಗುಂಯ್‌ಗುಡುತ್ತ ಹಿಂದೆ ಸರಿಯಿತು. ಬೆನ್ನು ವಾಲಿತು, ವಾಲುತ್ತಲೇ ಹೋಯಿತು, ತೊಡೆಯ ಕಡೆ ಏರಿತು, ನಿಂತಿತು.

ಹೆಂಡತಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸೆರಗು ಹೊದ್ದು ಆ ಸೀಟಿನಲ್ಲಿ ಮೆಲ್ಲಗೆ ಮೈ ಇಟ್ಟಳು. ಕಿಟಕಿಯ ಕಡೆ ತಿರುಗಿದಳು. ಅಲ್ಲಿಂದ ಹೊಲ ಕಾಣುತ್ತಿರಲಿಲ್ಲ; ಬೇವಿನ ತುದಿಯ ಟೊಂಗೆ, ಅದರ ಮೇಲಿನ ಆಕಾಶ, ಅಷ್ಟೇ ಕಾಣುತ್ತಿತ್ತು. ಅವತ್ತು ಅಕ್ಕ ಕುರಿ ಎಣಿಸಿದ್ದು, ಓರೆ ಕೂರಿಗೆಗೆ ಬೈದದ್ದು ಇಷ್ಟನ್ನೇ ನೋಡಿಕೊಂಡು.

“ಏನ್ರಿ,” ಅಂದಳು ಹೆಂಡತಿ, “ಇದು ಕುಂತಂಗಲ್ರಿ. ಮಲಗಿದಂಗ ಐತಿ.”

“ಇಲ್ಲ,” ಅಂದೆ. “ಅಕೀ ಕುಂತಿದ್ಲು.”